ರೋಗಾಣು ಬದಲಾಗುತ್ತಲೇ ಇರುತ್ತದೆ. ನಾವು ಅದನ್ನು ಯಾವ ಕಡೆ ತಳ್ಳುತ್ತಿದ್ದೇವೆ?

ಸೂಕ್ಷ್ಮಲೋಕ

ಮಲೇರಿಯಾ ಪತ್ತೆಗೆ ಬಳಸುವ ಸಣ್ಣ ಪಟ್ಟಿಯ ಪರೀಕ್ಷೆ ಅನೇಕರಿಗೆ ಗೊತ್ತಿರುತ್ತದೆ. ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದರೆ ಸ್ವಲ್ಪ ಹೊತ್ತಿಗೆ ಗೆರೆ ಮೂಡುತ್ತದೆ. ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಮ್ ಮಲೇರಿಯಾಕ್ಕೆ ಇರುವ ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಹುಡುಕುತ್ತವೆ. ಆ ಪ್ರೋಟೀನಿನ ಜೀನನ್ನೇ ಕಳೆದುಕೊಂಡ ಪರಾವಲಂಬಿ ಒಂದಿದ್ದರೆ ಏನಾಗುತ್ತದೆ? ಪರೀಕ್ಷೆ "ಮಲೇರಿಯಾ ಇಲ್ಲ" ಎನ್ನುತ್ತದೆ. ರೋಗಿಗೆ ಔಷಧಿ ಸಿಗುವುದಿಲ್ಲ. ಅವರನ್ನು ಕಚ್ಚಿದ ಸೊಳ್ಳೆ ಅದೇ ತಳಿಯನ್ನು ಹೊತ್ತು ಮುಂದೆ ಹೋಗುತ್ತದೆ. ಪರೀಕ್ಷೆಗೆ ಸಿಕ್ಕಿಬಿದ್ದ ತಳಿ ಔಷಧಿಗೆ ಸಾಯುತ್ತದೆ, ಸಿಗದೆ ಹೋದದ್ದು ಬದುಕುತ್ತದೆ.

ಇದು ಬರೀ ಊಹೆ ಅಲ್ಲ. ಈ ಜೀನ್ ಇಲ್ಲದ ಪರಾವಲಂಬಿಗಳು ಪೆರು ದೇಶದಲ್ಲಿವೆ ಎಂದು 2010ರಲ್ಲಿ ವರದಿಯಾಯಿತು. ಎರಿಟ್ರಿಯಾದಲ್ಲಿ ಇವು ಎಷ್ಟು ಜಾಸ್ತಿಯಾದವೆಂದರೆ 2016ರಲ್ಲಿ ಆ ದೇಶ ಪರೀಕ್ಷೆಯನ್ನೇ ಬದಲಾಯಿಸಬೇಕಾಯಿತು.

ನನ್ನನ್ನು ತುಂಬಾ ಕಾಡಿದ ಉದಾಹರಣೆ ಇದು. ಔಷಧಿಗೆ ರೋಗಾಣು ಒಗ್ಗಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬರೀ ಪತ್ತೆ ಹಚ್ಚುವ ಪರೀಕ್ಷೆ ಕೂಡ ರೋಗಾಣುವಿನ ವಿಕಾಸದ ದಿಕ್ಕನ್ನು ತಿರುಗಿಸುತ್ತದೆ ಎಂದರೆ, ನಾವು ಮಾಡುವ ಪ್ರತಿಯೊಂದು ಕೆಲಸವೂ ಒಂದು ಜರಡಿ ಎಂದಾಯಿತು. ಲಸಿಕೆ, ಸೊಳ್ಳೆಪರದೆ, ಆಂಟಿಬಯಾಟಿಕ್, ಆಸ್ಪತ್ರೆಯ ನಿಯಮ, ಎಲ್ಲವೂ. ಯಾವ ತಳಿ ಕೆಳಗೆ ಬೀಳುತ್ತದೆ, ಯಾವುದು ಮೇಲೆ ಉಳಿಯುತ್ತದೆ ಎಂದು ಮೊದಲೇ ಯೋಚಿಸಬೇಕು, ಅಲ್ವಾ?

ನನ್ನ ಮಾತು ಇಷ್ಟೇ. ರೋಗಾಣು ಬದಲಾಗದಂತೆ ತಡೆಯಲು ಆಗುವುದಿಲ್ಲ. ಆದರೆ ಅದು ಯಾವ ಕಡೆ ಬದಲಾಗಬೇಕು, ಎಷ್ಟು ನಿಧಾನವಾಗಿ ಬದಲಾಗಬೇಕು ಎಂಬುದರಲ್ಲಿ ನಮ್ಮ ಕೈ ಇದೆ. ಈ ಬಗ್ಗೆ ಗೊತ್ತಿರುವವರು, ಒಪ್ಪದವರು, ಇಬ್ಬರೂ ಬರೆಯಿರಿ.

ಹೊಸ ಓದುಗ

ಒಂದು ಮೂಲ ಪ್ರಶ್ನೆ. ವೈರಸ್‌ಗಳು ಕಾಲ ಕಳೆದಂತೆ ತಾವಾಗಿಯೇ ಸೌಮ್ಯವಾಗುತ್ತವೆ ಎಂದು ಕೇಳಿದ್ದೇನೆ. ತನಗೆ ಆಶ್ರಯ ಕೊಟ್ಟ ಜೀವಿಯನ್ನೇ ಕೊಂದರೆ ವೈರಸ್‌ಗೂ ನಷ್ಟ ತಾನೇ? ಹಾಗಿದ್ದರೆ ವಿಕಾಸವೇ ನಮ್ಮ ಪರವಾಗಿ ಕೆಲಸ ಮಾಡುತ್ತಿದೆ ಎಂದಾಯಿತಲ್ಲ?

ನಿವೃತ್ತ ಮೇಷ್ಟ್ರು

ಬಹಳ ಹಳೆಯ ನಂಬಿಕೆ ಇದು. ನಾನೂ ತರಗತಿಯಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಇದನ್ನು ಅಳೆದು ನೋಡಿದ ಒಂದು ದೊಡ್ಡ ಉದಾಹರಣೆ ಇದೆ: ಆಸ್ಟ್ರೇಲಿಯಾದ ಮೊಲಗಳು.

ಹೊರಗಿನಿಂದ ತಂದು ಬಿಟ್ಟ ಮೊಲಗಳು ಅಲ್ಲಿ ವಿಪರೀತ ಹೆಚ್ಚಿ ಹುಲ್ಲುಗಾವಲು ಹಾಳುಮಾಡುತ್ತಿದ್ದವು. 1950ರಲ್ಲಿ ಮಿಕ್ಸೋಮಾ ಎಂಬ ವೈರಸನ್ನು ಬೇಕೆಂದೇ ಅವುಗಳ ನಡುವೆ ಬಿಟ್ಟರು. ಶುರುವಿನಲ್ಲಿ ಸೋಂಕು ತಗುಲಿದ ಮೊಲಗಳಲ್ಲಿ ಶೇ. 99ಕ್ಕಿಂತ ಹೆಚ್ಚು ಸತ್ತವು. ಫ್ರಾಂಕ್ ಫೆನ್ನರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ವರ್ಷ ವರ್ಷವೂ ಹೊರಗಿನಿಂದ ವೈರಸ್ ಹಿಡಿದು ತಂದು ಲ್ಯಾಬಿನ ಮೊಲಗಳ ಮೇಲೆ ಪರೀಕ್ಷಿಸಿದರು. ಕೆಲವೇ ವರ್ಷಗಳಲ್ಲಿ ಅತಿ ಉಗ್ರ ತಳಿ ಹಿಂದೆ ಬಿದ್ದು, ಮಧ್ಯಮ ಉಗ್ರತೆಯ ತಳಿಗಳು ಮೇಲುಗೈ ಪಡೆದಿದ್ದವು.

ಕಾರಣ ಸೊಳ್ಳೆ. ಈ ವೈರಸ್ ಮೊಲದಿಂದ ಮೊಲಕ್ಕೆ ಮುಖ್ಯವಾಗಿ ಸೊಳ್ಳೆಯ ಮೂಲಕ ಹೋಗುತ್ತದೆ. ಮೊಲದ ಚರ್ಮದ ಮೇಲೆ ಗಂಟು ಇರುವಷ್ಟು ದಿನ ಸೊಳ್ಳೆಗೆ ವೈರಸ್ ಸಿಗುತ್ತದೆ. ಅತಿ ಉಗ್ರ ತಳಿ ಎರಡು ವಾರದೊಳಗೆ ಮೊಲವನ್ನು ಕೊಂದುಬಿಡುತ್ತಿತ್ತು. ಮಧ್ಯಮ ತಳಿಯಲ್ಲಿ ಮೊಲ ಮೂರು-ನಾಲ್ಕು ವಾರ ಜೀವ ಹಿಡಿದುಕೊಂಡಿರುತ್ತಿತ್ತು. ಅಷ್ಟು ದಿನ ಸೊಳ್ಳೆಗಳಿಗೆ ವೈರಸ್ ಸಿಗುತ್ತಲೇ ಇತ್ತು. ತೀರಾ ಸೌಮ್ಯವಾದ ತಳಿಯಿಂದಲೂ ವೈರಸ್‌ಗೆ ಲಾಭವಿಲ್ಲ, ಏಕೆಂದರೆ ಮೊಲ ಬೇಗ ಗುಣವಾಗಿಬಿಡುತ್ತದೆ.

ಈಗ ಮುಖ್ಯ ಮಾತು. ಗೆದ್ದ ಆ "ಮಧ್ಯಮ" ತಳಿ ಎಷ್ಟು ಮೊಲಗಳನ್ನು ಕೊಲ್ಲುತ್ತಿತ್ತು ಗೊತ್ತೇ? ಶೇ. 70ರಿಂದ 95. ಇದನ್ನು ಸೌಮ್ಯ ಎಂದು ಕರೆಯುವುದು ಹೇಗೆ?

ಅತ್ತ ಮೊಲಗಳೂ ಸುಮ್ನೆ ಕೂರಲಿಲ್ಲ. ತಾಳಿಕೊಳ್ಳುವ ಶಕ್ತಿ ಇದ್ದವು ಉಳಿದು ಮರಿ ಹಾಕಿದವು. ಮೊಲಗಳು ಗಟ್ಟಿಯಾದಂತೆ ವೈರಸ್ ಕೂಡ ಮತ್ತೆ ಉಗ್ರವಾಗುವ ದಾರಿ ಹಿಡಿಯಿತು. 1990ರ ದಶಕದಲ್ಲಿ ಸಂಗ್ರಹಿಸಿದ ಕೆಲವು ತಳಿಗಳನ್ನು ಲ್ಯಾಬಿನ ಮೊಲಗಳಿಗೆ ಕೊಟ್ಟಾಗ ಅವು ಮೊಲದ ರೋಗನಿರೋಧಕ ಶಕ್ತಿಯನ್ನೇ ಕುಸಿಯುವಂತೆ ಮಾಡಿದವು. ಆ ಕಥೆಯ ಅರ್ಧ ಭಾಗವನ್ನು ಮಾತ್ರ ಹೇಳಿ "ವೈರಸ್ ಪಳಗುತ್ತದೆ" ಎನ್ನುವವರು ಜಾಸ್ತಿ.

ಲ್ಯಾಬ್ ಹುಡುಗಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವೈರಸ್‌ಗೆ ಮುಖ್ಯ ಎಂದರೆ ಹರಡುವುದು. ಹರಡಿದ ಮೇಲೆ ರೋಗಿ ಬದುಕಿದರೂ ಸತ್ತರೂ ಅದಕ್ಕೆ ವ್ಯತ್ಯಾಸವಿಲ್ಲ. ಕೋವಿಡ್ ನೋಡಿ. ಲಕ್ಷಣ ಕಾಣಿಸುವ ಹಿಂದುಮುಂದಿನ ಕೆಲವು ದಿನಗಳಲ್ಲೇ ಅದು ಹೆಚ್ಚಾಗಿ ಹರಡುತ್ತದೆ. ಉಸಿರಾಟ ಕಷ್ಟವಾಗಿ ಐಸಿಯು ಸೇರುವ ಹೊತ್ತಿಗೆ ವೈರಸ್‌ನ ಕೆಲಸ ಬಹುತೇಕ ಮುಗಿದಿರುತ್ತದೆ. ಹಾಗಾಗಿ ಕೊಲ್ಲುವ ಗುಣವನ್ನು ಕಡಿಮೆ ಮಾಡಿಕೊಳ್ಳಬೇಕೆಂಬ ಒತ್ತಡ ಅದರ ಮೇಲೆ ಇಲ್ಲವೇ ಇಲ್ಲ ಎನ್ನಬಹುದು.

ಡೆಲ್ಟಾ ಅದಕ್ಕೂ ಮೊದಲಿನ ತಳಿಗಳಿಗಿಂತ ಹೆಚ್ಚು ತೀವ್ರವಾದ ಕಾಯಿಲೆ ತಂದಿತು. 2021ರ ಕೊನೆಯಲ್ಲಿ ಬಂದ ಓಮಿಕ್ರಾನ್ ಅದಕ್ಕಿಂತ ಕಡಿಮೆ ತೀವ್ರವಾಗಿತ್ತು. ಆದರೆ ಅದು ಡೆಲ್ಟಾದ ಮಗುವಲ್ಲ, ಬೇರೆಯದೇ ಕವಲು. ಅದು ಗೆದ್ದದ್ದು ಸೌಮ್ಯವಾಗಿತ್ತು ಎಂಬ ಕಾರಣಕ್ಕಲ್ಲ. ಲಸಿಕೆ ಮತ್ತು ಹಿಂದಿನ ಸೋಂಕಿನಿಂದ ಬಂದಿದ್ದ ರಕ್ಷಣೆಯನ್ನು ದಾಟಿ ವೇಗವಾಗಿ ಹರಡಬಲ್ಲದಾಗಿತ್ತು, ಅದಕ್ಕೇ. "ಕಾಯೋಣ, ತಾನಾಗಿಯೇ ಸೌಮ್ಯವಾಗುತ್ತದೆ" ಎಂದು ಕೂರುವುದು ಯೋಜನೆಯಲ್ಲ.

ಸೂಕ್ಷ್ಮಲೋಕ

ಸರಿಯಾಗಿ ಹೇಳಿದಿರಿ. ನನಗೆ ಇಲ್ಲಿ ಕುತೂಹಲದ ವಿಷಯ ಏನೆಂದರೆ, ಹರಡುವ ದಾರಿಯನ್ನು ನಾವು ಬದಲಾಯಿಸಿದರೆ ಉಗ್ರತೆಯೂ ಬದಲಾಗಬಹುದೇ? ಪಾಲ್ ಎವಾಲ್ಡ್ ಎಂಬ ಜೀವವಿಜ್ಞಾನಿ ಕಾಲರಾ ಬಗ್ಗೆ ಇದನ್ನೇ ವಾದಿಸಿದರು. ಕುಡಿಯುವ ನೀರು ಕೊಳಕಾಗಿದ್ದರೆ ಹಾಸಿಗೆ ಹಿಡಿದ ರೋಗಿಯಿಂದಲೂ ಬ್ಯಾಕ್ಟೀರಿಯಾ ನೀರಿನ ಮೂಲಕ ಸಾವಿರಾರು ಜನರನ್ನು ತಲುಪುತ್ತದೆ. ಆಗ ಉಗ್ರ ತಳಿಗೆ ಯಾವ ನಷ್ಟವೂ ಇಲ್ಲ. ನೀರು ಶುದ್ಧವಾಗಿದ್ದರೆ ರೋಗಿ ಓಡಾಡಿಕೊಂಡಿದ್ದರೆ ಮಾತ್ರ ಅದು ಹರಡುತ್ತದೆ. ಆಗ ಕಡಿಮೆ ವಿಷ ಉಗುಳುವ ತಳಿಗೆ ಅನುಕೂಲ. 1991ರಲ್ಲಿ ದಕ್ಷಿಣ ಅಮೆರಿಕಕ್ಕೆ ಕಾಲರಾ ಬಂದ ಮೇಲೆ, ನೀರಿನ ವ್ಯವಸ್ಥೆ ಚೆನ್ನಾಗಿದ್ದ ಚಿಲಿಯ ತಳಿಗಳು ಕಡಿಮೆ ವಿಷಕಾರಿಯಾದವು, ಈಕ್ವೆಡಾರಿನಲ್ಲಿ ಹಾಗಾಗಲಿಲ್ಲ ಎಂದು ಅವರು ತೋರಿಸಿದರು.

ಲ್ಯಾಬ್ ಹುಡುಗಿ

ಎವಾಲ್ಡ್ ವಾದ ಆಕರ್ಷಕವಾಗಿದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಆಧಾರ ಇನ್ನೂ ತೆಳುವು. ದೇಶದಿಂದ ದೇಶಕ್ಕೆ ಬೇರೆ ವ್ಯತ್ಯಾಸಗಳೂ ಇರುತ್ತವೆ. ಶುದ್ಧ ನೀರು ಕೊಡಬೇಕಾದದ್ದು ಕಾಲರಾ ಬರದಿರಲಿ ಎಂದು. ಉಗ್ರತೆ ಕಡಿಮೆಯಾದರೆ ಅದು ಹೆಚ್ಚುವರಿ ಲಾಭ. ಇದನ್ನು ತಿರುವುಮುರುವು ಮಾಡಿ ಹೇಳಬಾರದು.

ವಾರ್ಡ್ ನರ್ಸ್

ಎಲ್ಲರ ಬರಹ ಓದಿದೆ. ನನಗೆ ದಿನನಿತ್ಯ ಎದುರಾಗುವ ಪ್ರಶ್ನೆ ಕೇಳುತ್ತೇನೆ. "ಜ್ವರ ಬಿಟ್ಟರೂ ಮಾತ್ರೆ ಬಿಡಬೇಡಿ, ಕೋರ್ಸ್ ಮುಗಿಸಿ" ಎಂದು ರೋಗಿಗಳಿಗೆ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೇವೆ. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ ಎಂಬುದೇ ಕಾರಣ. ಈಗ ಕೆಲವು ವೈದ್ಯರು ಕಡಿಮೆ ದಿನದ ಕೋರ್ಸೇ ಒಳ್ಳೆಯದು ಎನ್ನುತ್ತಿದ್ದಾರೆ. ವಿಕಾಸದ ಲೆಕ್ಕದಲ್ಲಿ ಯಾವುದು ಸರಿ?

ಲ್ಯಾಬ್ ಹುಡುಗಿ

ಸಿಸ್ಟರ್, ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಒಂದೇ ಸಾಲಿನ ಉತ್ತರ ಇಲ್ಲಿ ಅಪಾಯ.

ಮೊದಲು ಟಿಬಿ. ಟಿಬಿ ಬ್ಯಾಕ್ಟೀರಿಯಾದಲ್ಲಿ ಟಿಬಿ ಔಷಧಿಯಾದ ಐಸೋನಿಯಾಜಿಡ್‌ಗೆ ಬಗ್ಗದ ರೂಪಾಂತರ ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ತಾನಾಗಿಯೇ ಹುಟ್ಟುತ್ತದೆ. ಇನ್ನೊಂದು ಟಿಬಿ ಔಷಧಿ ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು. ಶ್ವಾಸಕೋಶದಲ್ಲಿ ಕುಳಿ ಬಿದ್ದ ರೋಗಿಯ ಒಳಗೆ ಹತ್ತು ಕೋಟಿ ಬ್ಯಾಕ್ಟೀರಿಯಾ ಇರುವುದು ಅಸಾಧ್ಯವೇನಲ್ಲ. ಒಂದೇ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದವು ಈಗಾಗಲೇ ಅಲ್ಲಿ ಕಾದು ಕುಳಿತಿವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ? ಎರಡಕ್ಕೂ ಬಗ್ಗದ ಒಂದು ಬ್ಯಾಕ್ಟೀರಿಯಾ ಸಿಗಲು ಎರಡು ಸಂಖ್ಯೆಗಳನ್ನು ಗುಣಿಸಬೇಕು. ಅಷ್ಟು ಬ್ಯಾಕ್ಟೀರಿಯಾ ಯಾವ ದೇಹದಲ್ಲೂ ಇರುವುದಿಲ್ಲ.

1948ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಟಿಬಿ ಔಷಧಿಯ ಪ್ರಯೋಗದಲ್ಲಿ ಇದೇ ಕಣ್ಣಿಗೆ ಬಿತ್ತು. ಮೊದಲ ತಿಂಗಳುಗಳಲ್ಲಿ ರೋಗಿಗಳು ಚೇತರಿಸಿಕೊಂಡರು, ಆಮೇಲೆ ಅನೇಕರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ತುಂಬಿಕೊಂಡಿತು. ಜೊತೆಗೆ ಪಿಎಎಸ್ ಎಂಬ ಇನ್ನೊಂದು ಔಷಧಿ ಸೇರಿಸಿದ ಮೇಲೆ ಆ ತೊಂದರೆ ಬಹಳ ಇಳಿಯಿತು. ಟಿಬಿಯಲ್ಲಿ ನಿಧಾನವಾಗಿ ಬೆಳೆಯುವ, ಮಲಗಿದಂತಿರುವ ಬ್ಯಾಕ್ಟೀರಿಯಾ ಕೂಡ ಇರುತ್ತವೆ. ಅವನ್ನು ಮುಗಿಸಲು ತಿಂಗಳುಗಳೇ ಬೇಕು. ಹಾಗಾಗಿ ಟಿಬಿಯಲ್ಲಿ ವೈದ್ಯರು ಹೇಳಿದ ಅಷ್ಟೂ ದಿನ, ಹೇಳಿದ ಅಷ್ಟೂ ಮಾತ್ರೆ. ಇದರಲ್ಲಿ ಎರಡು ಮಾತಿಲ್ಲ.

ಎಚ್‌ಐವಿಯಲ್ಲೂ ಅದೇ ಲೆಕ್ಕ, ಇನ್ನೂ ಜೋರಾಗಿ. ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ ಹುಟ್ಟುತ್ತವೆ. ನಕಲು ಮಾಡುವಾಗ ತಪ್ಪುಗಳೂ ಹೇರಳ. 1987ರಲ್ಲಿ ಬಂದ ಔಷಧಿ ಎಝಡ್‌ಟಿ ಒಂದನ್ನೇ ಕೊಟ್ಟಾಗ ವೈರಸ್ ದಾರಿ ಹುಡುಕಿಕೊಂಡಿತು. 1996ರ ಹೊತ್ತಿಗೆ ಮೂರು ಔಷಧಿ ಒಟ್ಟಿಗೆ ಕೊಡಲು ಶುರುಮಾಡಿದರು, ಸಾವುಗಳು ತೀವ್ರವಾಗಿ ಇಳಿದವು. ವಿಕಾಸದ ಲೆಕ್ಕ ಇಷ್ಟು ಜನರ ಜೀವ ಉಳಿಸಿದ ಇನ್ನೊಂದು ಉದಾಹರಣೆ ನನಗೆ ಹೊಳೆಯುವುದಿಲ್ಲ.

ಈಗ ಸಾಮಾನ್ಯ ಬ್ಯಾಕ್ಟೀರಿಯಾ ಸೋಂಕುಗಳು. ಇಲ್ಲಿ ನಮಗೆ ಹೆಚ್ಚು ಭಯ ಇರಬೇಕಾದದ್ದು ಕಾಯಿಲೆ ತಂದ ಬ್ಯಾಕ್ಟೀರಿಯಾದ ಬಗ್ಗೆ ಅಲ್ಲ. ನಮ್ಮ ಕರುಳು, ಮೂಗು, ಚರ್ಮದ ಮೇಲೆ ಸುಮ್ನೆ ಬದುಕಿಕೊಂಡಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ಬಗ್ಗೆ. ಮಾತ್ರೆ ನುಂಗಿದ ಪ್ರತಿದಿನವೂ ಅವುಗಳ ಮೇಲೆ ಒತ್ತಡ ಬೀಳುತ್ತದೆ. ಬಗ್ಗದವು ಉಳಿದು ಹೆಚ್ಚುತ್ತವೆ. ಮುಂದೊಂದು ದಿನ ಅವೇ ಮೂತ್ರದ ಸೋಂಕಾಗಿಯೋ ರಕ್ತದ ಸೋಂಕಾಗಿಯೋ ಬರುತ್ತವೆ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚಿನ ದಿನ ಕೊಟ್ಟರೆ ನಷ್ಟವೇ ಜಾಸ್ತಿ. ಮನೆಯಲ್ಲಿದ್ದಾಗಲೇ ಬಂದ ಸಾಮಾನ್ಯ ನ್ಯುಮೋನಿಯಾಕ್ಕೆ, ರೋಗಿ ಸ್ಥಿರವಾಗಿ ಚೇತರಿಸಿಕೊಳ್ಳುತ್ತಿದ್ದರೆ, ಐದು ದಿನ ಸಾಕು ಎಂದು ಮಾರ್ಗಸೂಚಿಗಳೇ ಹೇಳುವ ಮಟ್ಟಕ್ಕೆ ಬಂದಿವೆ.

ಇದರರ್ಥ "ಹುಷಾರಾದ ಕೂಡಲೇ ನೀವೇ ಬಿಟ್ಟುಬಿಡಿ" ಎಂದಲ್ಲ. ಎಷ್ಟು ದಿನ ಎಂಬುದು ಸೋಂಕಿನ ಮೇಲೆ ನಿಂತಿದೆ. ಅದನ್ನು ಹೇಳಬೇಕಾದವರು ವೈದ್ಯರು. ಅವರು ಐದು ದಿನ ಎಂದರೆ ಐದು, ಆರು ತಿಂಗಳು ಎಂದರೆ ಆರು ತಿಂಗಳು.

ವಾರ್ಡ್ ನರ್ಸ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಕರುಳಿನ ಬ್ಯಾಕ್ಟೀರಿಯಾ ವಿಷಯವನ್ನು ರೋಗಿಗಳಿಗೆ ಯಾರೂ ಹೇಳುವುದೇ ಇಲ್ಲ. ಶೀತಕ್ಕೆ ಆಂಟಿಬಯಾಟಿಕ್ ಕೇಳಿಕೊಂಡು ಬರುವವರಿಗೆ ಈ ಒಂದು ಮಾತು ಹೇಳಿದರೆ ಅರ್ಥವಾಗುತ್ತದೆ ಎನ್ನಿಸುತ್ತದೆ.

ಪಶುವೈದ್ಯ

ಮನುಷ್ಯರ ಮಾತ್ರೆಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಪ್ರಾಣಿಗಳ ಕಡೆಯೂ ನೋಡಬೇಕು.

ಕೋಳಿ, ಹಂದಿಗಳು ಬೇಗ ತೂಕ ಬರಲಿ ಎಂದು ಮೇವಿನಲ್ಲಿ ಸ್ವಲ್ಪ ಸ್ವಲ್ಪ ಆಂಟಿಬಯಾಟಿಕ್ ಬೆರೆಸುವ ಪದ್ಧತಿ ದಶಕಗಳ ಕಾಲ ನಡೆಯಿತು. ಬಗ್ಗದ ತಳಿಗಳನ್ನು ಸಾಕಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ. ಡೆನ್ಮಾರ್ಕ್ 1995ರಲ್ಲಿ ಅವೊಪಾರ್ಸಿನ್ ಎಂಬ ಆಂಟಿಬಯಾಟಿಕ್ಕನ್ನು ನಿಷೇಧಿಸಿತು. ಅದು ಮನುಷ್ಯರಿಗೆ ಕೊಡುವ ವ್ಯಾಂಕೊಮೈಸಿನ್‌ನ ಹತ್ತಿರದ ಸಂಬಂಧಿ. ನಿಷೇಧದ ನಂತರ ಕೋಳಿಗಳಲ್ಲಿ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟೆರೊಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾ ಇಳಿಯಿತು. ಆದರೆ ಹಂದಿಗಳಲ್ಲಿ ಇಳಿಯಲಿಲ್ಲ! ಯಾಕೆ ಎಂದು ಹುಡುಕಿದಾಗ ತಿಳಿಯಿತು: ಹಂದಿಗಳಿಗೆ ಟೈಲೋಸಿನ್ ಎಂಬ ಬೇರೊಂದು ಔಷಧಿ ಕೊಡುತ್ತಲೇ ಇದ್ದರು. ಎರಡೂ ಔಷಧಿಗಳನ್ನು ಎದುರಿಸುವ ಜೀನ್‌ಗಳು ಒಂದೇ ಡಿಎನ್‌ಎ ತುಂಡಿನ ಮೇಲೆ ಅಕ್ಕಪಕ್ಕ ಇದ್ದವು. ಒಂದನ್ನು ಸಾಕಿದರೆ ಇನ್ನೊಂದು ಜೊತೆಗೇ ಬರುತ್ತದೆ. ಟೈಲೋಸಿನ್ ಬಳಕೆ ಕಡಿಮೆಯಾದ ಮೇಲೆ ಹಂದಿಗಳಲ್ಲೂ ಇಳಿಯಿತು.

ಇನ್ನೊಂದು ಕಥೆ ಮಾರೆಕ್ಸ್ ಕಾಯಿಲೆಯದು. ಕೋಳಿಗಳಿಗೆ ಗಡ್ಡೆ ತರುವ ವೈರಸ್. ಇದರ ಲಸಿಕೆ ಕೋಳಿಯನ್ನು ಸಾವಿನಿಂದ ಕಾಪಾಡುತ್ತದೆ, ಆದರೆ ಸೋಂಕು ತಗುಲುವುದನ್ನೂ ಹರಡುವುದನ್ನೂ ಪೂರ್ತಿ ತಡೆಯುವುದಿಲ್ಲ. ಲಸಿಕೆ ಇಲ್ಲದ ಕೋಳಿಯಲ್ಲಿ ಅತಿ ಉಗ್ರ ತಳಿ ಸುಮಾರು ಹತ್ತು ದಿನದಲ್ಲೇ ಕೋಳಿಯನ್ನು ಕೊಂದು, ಹರಡಲು ಅವಕಾಶ ಸಿಗದೆ ತಾನೂ ಮುಗಿದುಹೋಗುತ್ತದೆ. ಲಸಿಕೆ ಹಾಕಿದ ಕೋಳಿ ಬದುಕಿ ವಾರಗಟ್ಟಲೆ ಅದೇ ಉಗ್ರ ತಳಿಯನ್ನು ಹೊರಗೆ ಬಿಡುತ್ತದೆ. ಆಂಡ್ರ್ಯೂ ರೀಡ್ ಮತ್ತು ಸಂಗಡಿಗರು 2015ರಲ್ಲಿ ಪ್ರಯೋಗ ಮಾಡಿ ಇದನ್ನು ತೋರಿಸಿದರು.

ಹೊಸ ಓದುಗ

ಪಶುವೈದ್ಯರೇ, ಕೊನೆಯ ಭಾಗ ಓದಿ ಗಾಬರಿಯಾಯಿತು. ಹಾಗಾದರೆ ಲಸಿಕೆಗಳೇ ಉಗ್ರ ರೋಗಾಣುಗಳನ್ನು ಹುಟ್ಟಿಸುತ್ತಿವೆಯೇ? ಮಕ್ಕಳಿಗೆ ಹಾಕಿಸುವ ಲಸಿಕೆಗಳ ಕಥೆ ಏನು?

ಪಶುವೈದ್ಯ

ಇಲ್ಲ. ದಯವಿಟ್ಟು ಆ ಅರ್ಥ ಮಾಡಬೇಡಿ. ಮಾರೆಕ್ಸ್ ಪ್ರಯೋಗದಲ್ಲಿ ಲಸಿಕೆ ಹಾಕಿದ ಕೋಳಿಗಳು ಬದುಕಿದವು. ಸತ್ತವು ಲಸಿಕೆ ಇಲ್ಲದವು. ಅದರಿಂದ ಹೊರಡುವ ಸಲಹೆ "ಎಲ್ಲ ಕೋಳಿಗೂ ಲಸಿಕೆ ಹಾಕಿ, ಸೋಂಕನ್ನೂ ತಡೆಯುವಂಥ ಲಸಿಕೆ ಮಾಡಿ" ಎಂಬುದು.

ಲ್ಯಾಬ್ ಹುಡುಗಿ

ಇದನ್ನು ಒತ್ತಿ ಹೇಳಬೇಕು. ದಡಾರದ ಲಸಿಕೆ 1963ರಿಂದ ಇದೆ. ಅದು ಇವತ್ತಿಗೂ ಕೆಲಸ ಮಾಡುತ್ತದೆ, ವೈರಸ್ ಅದನ್ನು ದಾಟಿಲ್ಲ. ಸಿಡುಬಿನ ಲಸಿಕೆಯನ್ನು ಸಿಡುಬು ಎಂದೂ ದಾಟಲಿಲ್ಲ. 1980ರಲ್ಲಿ ಕಾಯಿಲೆಯೇ ಭೂಮಿಯಿಂದ ಹೋಯಿತು ಎಂದು ಘೋಷಿಸಿದರು. ಅದೇ ಪೆನಿಸಿಲಿನ್ ನೋಡಿ, ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಅದಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ತುಂಬಿಕೊಂಡಿತು.

ಯಾಕೆ ಈ ವ್ಯತ್ಯಾಸ? ಔಷಧಿ ಬರುವುದು ಸೋಂಕು ಬೆಳೆದ ಮೇಲೆ. ಆಗ ದೇಹದಲ್ಲಿ ಕೋಟಿಗಟ್ಟಲೆ ರೋಗಾಣು ಇರುತ್ತದೆ, ಅದರಲ್ಲಿ ರೂಪಾಂತರಗಳೂ ಬೇಕಾದಷ್ಟು. ಲಸಿಕೆ ಪಡೆದ ದೇಹದಲ್ಲಿ ರೋಗಾಣು ಕೆಲವೇ ಇರುವಾಗಲೇ ತಡೆ ಬೀಳುತ್ತದೆ. ಎರಡನೆಯದು, ಔಷಧಿ ಸಾಮಾನ್ಯವಾಗಿ ಒಂದು ಜಾಗಕ್ಕೆ ಹೊಡೆಯುತ್ತದೆ. ಒಳ್ಳೆಯ ಲಸಿಕೆಯಿಂದ ಬಂದ ರಕ್ಷಣೆ ರೋಗಾಣುವಿನ ಅನೇಕ ಭಾಗಗಳಿಗೆ ಒಟ್ಟಿಗೆ ಅಂಟಿಕೊಳ್ಳುತ್ತದೆ. ಟಿಬಿಯ ಗುಣಾಕಾರ ನೆನಪಿದೆಯಲ್ಲ, ಅದೇ ಇಲ್ಲೂ.

ಇದಕ್ಕೆ ಹೊರತಾದವೂ ಇವೆ, ಮುಚ್ಚಿಡುವುದಿಲ್ಲ. ಫ್ಲೂ ವೈರಸ್‌ನ ಹೊರಮೈ ಬೇಗ ಬದಲಾಗುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಜ್ಞರನ್ನು ಸೇರಿಸಿ, ಮುಂದಿನ ಋತುವಿನ ಲಸಿಕೆಗೆ ಯಾವ ತಳಿ ಇರಬೇಕು ಎಂದು ಶಿಫಾರಸು ಮಾಡುತ್ತದೆ. ಆ ಸಭೆಯಲ್ಲಿ ನಡೆಯುವುದು ಪೂರ್ತಿ ವಿಕಾಸದ ಲೆಕ್ಕವೇ: ಯಾವ ಕವಲು ಮುಂದೆ ಬೆಳೆಯುತ್ತದೆ ಎಂಬ ಅಂದಾಜು. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಲಸಿಕೆಯಲ್ಲೂ ಹೀಗಾಯಿತು. ಅಮೆರಿಕದಲ್ಲಿ 2000ದಲ್ಲಿ ಏಳು ಬಗೆಗಳ ವಿರುದ್ಧ ಲಸಿಕೆ ಬಂತು. ಆ ಏಳೂ ಇಳಿದವು, ಲಸಿಕೆಯಲ್ಲಿ ಇಲ್ಲದ 19ಎ ಎಂಬ ಬಗೆ ಏರಿತು. 2010ರಲ್ಲಿ 19ಎ ಸೇರಿಸಿ ಹದಿಮೂರು ಬಗೆಗಳ ಲಸಿಕೆ ತಂದರು. ಹಾಗಿದ್ದರೂ ಮಕ್ಕಳಲ್ಲಿ ಒಟ್ಟು ಗಂಭೀರ ಕಾಯಿಲೆ ಬಹಳಷ್ಟು ಕಡಿಮೆಯೇ ಆಗಿತ್ತು.

ಸೂಕ್ಷ್ಮಲೋಕ

ಪೋಲಿಯೊ ಕೂಡ ಸೇರಿಸಿ. ಬಾಯಿಗೆ ಹಾಕುವ ಹನಿಯಲ್ಲಿ ಬಲಗುಂದಿಸಿದ ಜೀವಂತ ವೈರಸ್ ಇರುತ್ತದೆ. ಲಸಿಕೆ ಪಡೆದವರು ಕಡಿಮೆ ಇರುವ ಕಡೆ ಅದು ಮಗುವಿಂದ ಮಗುವಿಗೆ ದಾಟುತ್ತಾ ದಾಟುತ್ತಾ, ಬಹಳ ಅಪರೂಪಕ್ಕೆ, ಮತ್ತೆ ಪಾರ್ಶ್ವವಾಯು ತರುವ ರೂಪಕ್ಕೆ ಮರಳುತ್ತದೆ. ಅದು ಯಾವ ರೂಪಾಂತರಗಳ ಮೂಲಕ ಮರಳುತ್ತದೆ ಎಂದು ವಿಜ್ಞಾನಿಗಳು ಗುರುತಿಸಿದರು. ಆ ದಾರಿಗಳನ್ನೇ ಕಠಿಣ ಮಾಡಿ ಎನ್‌ಒಪಿವಿ2 ಎಂಬ ಹೊಸ ಹನಿ ತಯಾರಿಸಿದರು. 2021ರಲ್ಲಿ ಅದರ ಬಳಕೆ ಶುರುವಾಯಿತು. ಲಸಿಕೆಯ ವೈರಸ್ ಮುಂದೆ ಎತ್ತ ಹೋಗಬಹುದು ಎಂದು ಮೊದಲೇ ನೋಡಿ, ಆ ಬಾಗಿಲು ಹಾಕಿಟ್ಟು ಹೊರಗೆ ಕಳಿಸಿದ್ದಾರೆ. ನಾನು ಈ ಚರ್ಚೆ ಶುರುಮಾಡಿದ್ದು ಇಂಥದ್ದಕ್ಕಾಗಿಯೇ.

ನಿವೃತ್ತ ಮೇಷ್ಟ್ರು

ಹಳೆಯ ಔಷಧಿ ಮತ್ತೆ ಬಲ ಪಡೆದ ಒಂದು ಉದಾಹರಣೆ ನನ್ನ ಬಳಿ ಇದೆ. ಆಫ್ರಿಕಾದ ಮಲಾವಿ ದೇಶದಲ್ಲಿ ಮಲೇರಿಯಾಕ್ಕೆ ಕ್ಲೋರೊಕ್ವಿನ್ ಕೆಲಸ ಮಾಡುವುದು ನಿಂತಿತ್ತು. 1993ರಲ್ಲಿ ಆ ದೇಶ ಕ್ಲೋರೊಕ್ವಿನ್ ಕೈಬಿಟ್ಟು ಬೇರೆ ಔಷಧಿಗೆ ಹೋಯಿತು. ಸುಮಾರು ಹನ್ನೆರಡು ವರ್ಷದ ಮೇಲೆ ಬ್ಲಾಂಟೈರ್ ನಗರದಲ್ಲಿ ಮಕ್ಕಳಿಗೆ ಮತ್ತೆ ಕ್ಲೋರೊಕ್ವಿನ್ ಕೊಟ್ಟು ನೋಡಿದರು. ಶೇ. 99ರಷ್ಟು ಯಶಸ್ಸು! ಔಷಧಿಯನ್ನು ಎದುರಿಸುವ ಗುಣ ಹೊತ್ತ ಪರಾವಲಂಬಿಗೆ ಅದರಿಂದ ಒಂದು ಹೊರೆ ಇತ್ತು. ಔಷಧಿ ಇಲ್ಲದಿದ್ದಾಗ ಆ ಹೊರೆ ಇಲ್ಲದವು ಗೆದ್ದವು.

ಹಾಗಾದರೆ ಆಂಟಿಬಯಾಟಿಕ್‌ಗಳನ್ನೂ ಸರದಿ ಪ್ರಕಾರ ಬಳಸಬಹುದಲ್ಲ? ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು?

ಲ್ಯಾಬ್ ಹುಡುಗಿ

ಮೇಷ್ಟ್ರೇ, ಮಲಾವಿಯ ಸುದ್ದಿ ನನಗೂ ತುಂಬಾ ಇಷ್ಟ. ಆದರೆ ಸರದಿಯ ಯೋಚನೆಯನ್ನು ನಾನು ಒಪ್ಪುವುದಿಲ್ಲ, ಎರಡು ಕಾರಣಕ್ಕೆ.

ಮೊದಲನೆಯದು, ಹೊರೆ ಯಾವಾಗಲೂ ಹೊರೆಯಾಗಿಯೇ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಇನ್ನೊಂದು ರೂಪಾಂತರದಿಂದ ಆ ನಷ್ಟ ತುಂಬಿಕೊಳ್ಳಬಹುದು. ಆಮೇಲೆ ಔಷಧಿ ನಿಲ್ಲಿಸಿದರೂ ಬಗ್ಗದ ಗುಣ ಹೋಗುವುದಿಲ್ಲ. ಪಶುವೈದ್ಯರು ಹೇಳಿದ ಹಂದಿಗಳ ಕಥೆಯಂತೆ ಬೇರೆ ಜೀನಿಗೆ ಅಂಟಿಕೊಂಡೂ ಉಳಿಯಬಹುದು.

ಎರಡನೆಯದು, ಇಡೀ ಆಸ್ಪತ್ರೆ ಒಂದೇ ಕಾಲಕ್ಕೆ ಒಂದೇ ಔಷಧಿ ಬಳಸಿದರೆ ಬ್ಯಾಕ್ಟೀರಿಯಾಗೆ ದಾಟಬೇಕಾದ ತಡೆ ಒಂದೇ. ಅಕ್ಕಪಕ್ಕದ ರೋಗಿಗಳಿಗೆ ಬೇರೆ ಬೇರೆ ಔಷಧಿ ಕೊಟ್ಟರೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಬ್ಯಾಕ್ಟೀರಿಯಾಗೆ ಅಲ್ಲಿ ಹೊಸ ತಡೆ ಎದುರಾಗುತ್ತದೆ. 1997ರಷ್ಟು ಹಿಂದೆಯೇ ಗಣಿತದ ಮಾದರಿಗಳು ಸರದಿಗಿಂತ ಈ ಬೆರಕೆಯೇ ಮೇಲು ಎಂದು ತೋರಿಸಿವೆ.

ಸೂಕ್ಷ್ಮಲೋಕ

ಸರದಿ ಬಿಡೋಣ. ಬ್ಯಾಕ್ಟೀರಿಯಾವನ್ನು ಇಕ್ಕಟ್ಟಿಗೆ ಸಿಕ್ಕಿಸುವ ಇನ್ನೊಂದು ದಾರಿ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಫೇಜ್ ಎಂಬ ವೈರಸ್‌ಗಳಿವೆಯಲ್ಲ, ಅದರಲ್ಲಿ ಒಂದು ಬಗೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಪಂಪಿಗೇ ಅಂಟಿಕೊಂಡು ಒಳನುಗ್ಗುತ್ತದೆ. ಆಂಟಿಬಯಾಟಿಕ್ಕನ್ನು ಹೊರಗೆ ಎಸೆಯುವ ಪಂಪು ಅದೇ. ಫೇಜ್‌ನಿಂದ ತಪ್ಪಿಸಿಕೊಳ್ಳಲು ಪಂಪನ್ನು ಬದಲಾಯಿಸಿಕೊಂಡರೆ ಆಂಟಿಬಯಾಟಿಕ್‌ಗೆ ಸಿಕ್ಕಿಬೀಳುತ್ತದೆ. ಪಂಪು ಇಟ್ಟುಕೊಂಡರೆ ಫೇಜ್‌ಗೆ ಸಿಕ್ಕಿಬೀಳುತ್ತದೆ. ಯೇಲ್ ವಿಶ್ವವಿದ್ಯಾಲಯದ ಪಾಲ್ ಟರ್ನರ್ ಮತ್ತು ಬೆಂಜಮಿನ್ ಚಾನ್ ತಂಡ ಇದನ್ನು ಕಂಡುಕೊಂಡು 2016ರಲ್ಲಿ ಪ್ರಕಟಿಸಿತು. ವಾಸಿಯಾಗದ ಸೋಂಕಿನ ಒಬ್ಬ ರೋಗಿಗೆ ಆಂಟಿಬಯಾಟಿಕ್ ಜೊತೆ ಈ ಫೇಜ್ ಕೊಟ್ಟಾಗ ಅವರು ಗುಣವಾದರು.

ವಾರ್ಡ್ ನರ್ಸ್

ಒಬ್ಬ ರೋಗಿಯ ಕಥೆಯಿಂದ ತುಂಬಾ ದೂರ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನನ್ನನ್ನು ಕಾಡುವ ವಿಷಯ ಬೇರೆ. ಎದುರಿಗೆ ತೀವ್ರ ಸೋಂಕಿನ ರೋಗಿ ಮಲಗಿದ್ದಾಗ "ಈ ಔಷಧಿ ಸಮಾಜಕ್ಕೆ ಉಳಿಯಲಿ" ಎಂದು ಯಾರೂ ಯೋಚಿಸಲು ಆಗುವುದಿಲ್ಲ, ಯೋಚಿಸಲೂ ಬಾರದು. ಆ ಜೀವ ಮೊದಲು. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜು ನನಗೂ ಗೊತ್ತು. ಆದರೆ ಸರಿಯಾದ ಔಷಧಿ ಸಮಯಕ್ಕೆ ಸಿಗದೆ ಸಾಯುವವರೂ ಇದ್ದಾರೆ. ನಿಮ್ಮ ಲೆಕ್ಕದಲ್ಲಿ ಈ ಎರಡನ್ನೂ ಹೇಗೆ ಹೊಂದಿಸುತ್ತೀರಿ?

ಸೂಕ್ಷ್ಮಲೋಕ

ಸಿಸ್ಟರ್, ನೀವು ಎತ್ತಿದ್ದು ಈ ಇಡೀ ಚರ್ಚೆಯ ಅತಿ ಕಷ್ಟದ ಪ್ರಶ್ನೆ. ಹಾಸಿಗೆ ಪಕ್ಕದಲ್ಲಿ ಆ ಜೀವವೇ ಮೊದಲು ಎಂಬುದನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಆದರೆ ರೋಗಿ, ಸಮಾಜ ಇಬ್ಬರ ಹಿತವೂ ಒಂದೇ ಆಗಿರುವ ಜಾಗಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇವೆ. ವೈರಸ್ ಜ್ವರಕ್ಕೆ ಆಂಟಿಬಯಾಟಿಕ್ ಕೊಡದಿದ್ದರೆ ಯಾರಿಗೂ ನಷ್ಟವಿಲ್ಲ. ಐದು ದಿನ ಸಾಕಾಗುವ ಕಡೆ ಹತ್ತು ದಿನ ಕೊಡದಿದ್ದರೆ ರೋಗಿಗೇ ಲಾಭ. ಲಸಿಕೆಯಿಂದ ಒಂದು ಸೋಂಕು ತಪ್ಪಿದರೆ ಒಂದು ಕೋರ್ಸ್ ಆಂಟಿಬಯಾಟಿಕ್ಕೂ ತಪ್ಪುತ್ತದೆ. ಕೈ ತೊಳೆಯುವುದು ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ವಾರ್ಡಿನೊಳಗೆ ಬಗ್ಗದ ತಳಿ ಹುಟ್ಟಿದರೂ ಪಕ್ಕದ ಹಾಸಿಗೆಗೆ ದಾಟದಿದ್ದರೆ ಅದರ ವಿಕಾಸ ಅಲ್ಲಿಗೇ ನಿಲ್ಲುತ್ತದೆ.

ನಿವೃತ್ತ ಮೇಷ್ಟ್ರು

ದಾಟುವ ದಾರಿ ಎಂದಾಗ ನೆನಪಾಯಿತು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ರೋಗಿಗಳ ವೈರಸ್‌ನ ಜೀನೋಮ್ ಓದಿ ವಂಶವೃಕ್ಷ ಬರೆದರು. ಕಾಡುಪ್ರಾಣಿಗಳಿಂದ ಮತ್ತೆ ಮತ್ತೆ ಬರುತ್ತಿಲ್ಲ, ಒಮ್ಮೆ ಬಂದದ್ದು ಮನುಷ್ಯರಿಂದ ಮನುಷ್ಯರಿಗೆ ದಾಟುತ್ತಿದೆ ಎಂದು ಅದರಿಂದ ಗೊತ್ತಾಯಿತು. ತಡೆಯಬೇಕಾದ ಕೊಂಡಿ ಯಾವುದು ಎಂಬುದು ಸ್ಪಷ್ಟವಾಯಿತು. 2021ರಲ್ಲಿ ಗಿನಿಯಲ್ಲಿ ಮತ್ತೆ ಕಾಣಿಸಿದಾಗ ಆ ವೈರಸ್ 2014ರದ್ದಕ್ಕಿಂತ ಅಷ್ಟೇನೂ ಬದಲಾಗಿರಲಿಲ್ಲ. ಐದಾರು ವರ್ಷ ಹರಡುತ್ತಾ ಬಂದಿದ್ದರೆ ಅದರಲ್ಲಿ ತುಂಬಾ ಬದಲಾವಣೆ ಆಗಿರಬೇಕಿತ್ತು. ಹಿಂದೆ ಗುಣವಾದ ಯಾರದೋ ದೇಹದಲ್ಲಿ ಅದು ಅಡಗಿ ಉಳಿದಿತ್ತು ಎಂಬ ತೀರ್ಮಾನಕ್ಕೆ ಬಂದರು. ಗುಣವಾದವರನ್ನು ದೂರ ತಳ್ಳದೆ, ಗೌರವದಿಂದ, ದೀರ್ಘಕಾಲ ಆರೈಕೆ ಮಾಡಬೇಕು ಎಂಬುದಕ್ಕೆ ಇದೂ ಒಂದು ಕಾರಣ.

ವಾರ್ಡ್ ನರ್ಸ್

ಸರಿ, ಕೆಲಸಕ್ಕೆ ಬರುವ ಕೊನೆಯ ಪ್ರಶ್ನೆ. ರೋಗಿ ಸೀರಿಯಸ್ ಆಗಿದ್ದಾರೆ, ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಹೇಳುವ ಕಲ್ಚರ್ ರಿಪೋರ್ಟ್ ಬರಲು ಎರಡು-ಮೂರು ದಿನ ಬೇಕು. ವೈದ್ಯರು ಎಲ್ಲಕ್ಕೂ ಹೊಡೆಯುವ ದೊಡ್ಡ ಆಂಟಿಬಯಾಟಿಕ್ ಶುರುಮಾಡುತ್ತಾರೆ. ನಿಮ್ಮ ದೃಷ್ಟಿಯಲ್ಲಿ ಇದು ತಪ್ಪೇ?

ಲ್ಯಾಬ್ ಹುಡುಗಿ

ತಪ್ಪಲ್ಲ ಸಿಸ್ಟರ್. ತೀವ್ರ ಸೋಂಕಿನಲ್ಲಿ ಕಾಯುವಂತಿಲ್ಲ. ತೊಂದರೆ ಆಗುವುದು ರಿಪೋರ್ಟ್ ಬಂದ ಮೇಲೂ ಅದನ್ನೇ ಮುಂದುವರಿಸಿದಾಗ. ಸಾಧ್ಯವಿದ್ದರೆ ಮೊದಲ ಡೋಸ್‌ಗೆ ಮುಂಚೆಯೇ ರಕ್ತದ ಸ್ಯಾಂಪಲ್ ಕಳಿಸಿ, ಇಲ್ಲದಿದ್ದರೆ ಆಮೇಲೆ ಬ್ಯಾಕ್ಟೀರಿಯಾ ಬೆಳೆಯದೇ ಹೋಗುವ ಸಾಧ್ಯತೆ ಹೆಚ್ಚು. ರಿಪೋರ್ಟ್ ಬಂದ ದಿನ, ಯಾವ ಚಿಕ್ಕ ವ್ಯಾಪ್ತಿಯ ಔಷಧಿಗೆ ಅದು ಬಗ್ಗುತ್ತದೆ ನೋಡಿ ಅದಕ್ಕೆ ಇಳಿಯಬೇಕು. ಏನೂ ಬೆಳೆಯದೆ, ಸೋಂಕೇ ಅಲ್ಲ ಎಂದು ವೈದ್ಯರಿಗೆ ಖಚಿತವಾದರೆ ನಿಲ್ಲಿಸಬೇಕು. ಲ್ಯಾಬಿನಿಂದ ನಾವು ಕಳಿಸಿದ ಎಷ್ಟೋ ರಿಪೋರ್ಟ್ ಫೈಲಿನಲ್ಲಿ ಹಾಗೇ ಕೂರುತ್ತವೆ. ರೌಂಡ್ಸ್ ಹೊತ್ತಿಗೆ ನೀವು ಅದನ್ನು ಮೇಲಿಟ್ಟು "ಡಾಕ್ಟ್ರೇ, ಕಲ್ಚರ್ ಬಂದಿದೆ" ಎಂದರೆ ಸಾಕು, ಅಷ್ಟರಿಂದಲೇ ಔಷಧಿ ಬದಲಾಗುವ ಸಾಧ್ಯತೆ ಹೆಚ್ಚು.

ವಾರ್ಡ್ ನರ್ಸ್

ಇದು ನನ್ನ ಕೈಲಿ ಆಗುವ ಕೆಲಸ. ನಾಳೆಯ ಡ್ಯೂಟಿಯಿಂದ ರಿಪೋರ್ಟ್ ಬಂದ ಕೇಸ್‌ಶೀಟ್‌ಗಳನ್ನು ಬೇರೆಯಾಗಿ ಎತ್ತಿಡುತ್ತೇನೆ.